ಫೋನಿಗೂ ಎರಡು ನಂಬರ್, ಟಿವಿಗೂ ಎರಡು

ಪ್ರಶ್ನೆ: ನಾವಿರುವುದು ಮಂಡ್ಯದ ಸ್ವರ್ಣಸಂದ್ರದಲ್ಲಿ. ಮಗ ಈ ವರ್ಷ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೇರಿದ. ಹಾಸ್ಟೆಲ್ ವೈ-ಫೈ ಬೇಕಾದರೆ ಲ್ಯಾಪ್‌ಟಾಪ್, ಫೋನ್ ಎರಡರ ಮ್ಯಾಕ್ ಅಡ್ರೆಸ್ ಬರೆದುಕೊಡಿ ಅಂದರಂತೆ. ಫೋನಿನದು ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ನೋಡಿ ಕೊಟ್ಟ. ಲ್ಯಾಪ್‌ಟಾಪಿನದು ಗೊತ್ತಾಗದೆ ಅದರ ಅಡಿಯಲ್ಲಿದ್ದ ಚೀಟಿಯ ನಂಬರ್ ಬರೆದ. ಈಗ ಎರಡಕ್ಕೂ ನೆಟ್ ಇಲ್ಲ, ದಿನಾ ಫೋನ್ ಮಾಡಿ ನನ್ನ ತಲೆ ತಿನ್ನುತ್ತಾನೆ. ಇದೇನು ಸಾರ್ ಇದು? – ಒಬ್ಬ ತಾಯಿ

ಉತ್ತರ: ಅಮ್ಮಾ, ಲ್ಯಾಪ್‌ಟಾಪಿನದು ನಿಮ್ಮ ಹುಡುಗನ ತಪ್ಪು, ಫೋನಿನದು ಅವನ ತಪ್ಪಲ್ಲ.

ಮ್ಯಾಕ್ ಅಡ್ರೆಸ್ ಅಂದರೆ ಇಡೀ ಯಂತ್ರದ ನಂಬರ್ ಅಲ್ಲ, ಅದರೊಳಗೆ ನೆಟ್‌ಗೆ ಜೋಡಿಸುವ ಚಿಪ್ ಇದೆಯಲ್ಲ, ಅದರ ನಂಬರ್. ಗಾಡಿಗೆ ಚಾಸಿ ನಂಬರ್ ಇದ್ದ ಹಾಗೆ, ಕಂಪನಿಯಿಂದಲೇ ಬರುತ್ತದೆ. ಹಾಸ್ಟೆಲಿನವರು ತಮ್ಮ ಪಟ್ಟಿಯಲ್ಲಿರುವ ನಂಬರಿಗೆ ಮಾತ್ರ ನೆಟ್ ಬಿಡುತ್ತಾರೆ. ಐಪಿ ಅಡ್ರೆಸ್ ಬೇರೆ. ಅದು ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಕೊಡುವ ಟೋಕನ್ ಇದ್ದಂತೆ, ಇವತ್ತೊಂದು ನಾಳೆ ಒಂದು.

ಮ್ಯಾಕ್‌ನಲ್ಲಿ 12 ಅಕ್ಷರ ಇರುತ್ತವೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. 0ಯಿಂದ 9, ಆಮೇಲೆ ಇಂಗ್ಲಿಷಿನ ಎ ಇಂದ ಎಫ್, ಅಷ್ಟೇ. ಎರಡೆರಡಾಗಿ ಬಿಡಿಸಿ ನಡುವೆ ಚುಕ್ಕಿ ಜೋಡಿಯೋ ಅಡ್ಡಗೆರೆಯೋ ಹಾಕಿರುತ್ತಾರೆ. ಕೆ, ಎಸ್, ಎಕ್ಸ್ ಅಂತ ಕಂಡರೆ ಅದು ಸೀರಿಯಲ್ ನಂಬರ್, ನಿಮ್ಮ ಮಗ ಬರೆದುಕೊಟ್ಟದ್ದು ಬಹುಶಃ ಅದೇ. ಇಂಗ್ಲಿಷಿನ ಓ ಅಕ್ಷರ ಇದರಲ್ಲಿ ಬರುವುದೇ ಇಲ್ಲ, ದುಂಡಗೆ ಕಂಡದ್ದೆಲ್ಲ ಸೊನ್ನೆ. ಕೈಯಲ್ಲಿ ಬರೆಯುವಾಗ ಜಾಸ್ತಿ ಜನ ಎಡವುವುದು ಬಿ ಮತ್ತು 8ರಲ್ಲಿ. ಆದ್ದರಿಂದ ಚೀಟಿ ಬರೆಯುವ ಬದಲು ಪರದೆಯ ಫೋಟೋನೇ ಕಳಿಸಿಬಿಡಲಿ.

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದರೆ ಕಮಾಂಡ್ ಪ್ರಾಂಪ್ಟ್ ಅನ್ನುವ, ಆಜ್ಞೆ ಟೈಪ್ ಮಾಡುವ ಕಿಟಕಿ ತೆರೆದು ಇಂಗ್ಲಿಷಿನಲ್ಲಿ ಐಪಿಕಾನ್ಫಿಗ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು, ಓರೆಗೆರೆ ಹಾಕಿ ಆಲ್ ಅಂತ ಸೇರಿಸಿ (ipconfig /all) ಎಂಟರ್ ಒತ್ತಬೇಕು. ಪುಟಗಟ್ಟಲೆ ಸುರಿಯುತ್ತದೆ, ಹೆದರಬೇಡಿ. ವೈರ್‌ಲೆಸ್ ಲ್ಯಾನ್ ಅಡಾಪ್ಟರ್ ವೈ-ಫೈ ಅನ್ನುವ ತಲೆಬರಹದ ಕೆಳಗೆ ಫಿಸಿಕಲ್ ಅಡ್ರೆಸ್ ಅಂತ ಇರುತ್ತದೆ, ಅದೇ. ಅಲ್ಲೇ ಹತ್ತಿರದಲ್ಲಿ ಲೋಕಲ್ ಏರಿಯಾ ಕನೆಕ್ಷನ್ ಅಂತ ಪಕ್ಕದಲ್ಲಿ ನಕ್ಷತ್ರ ಹಾಕಿರುವ ಒಂದೆರಡು ಇರುತ್ತವೆ, ಬ್ಲೂಟೂತ್‌ದೂ ಇರುತ್ತದೆ, ಅವಕ್ಕೂ ಫಿಸಿಕಲ್ ಅಡ್ರೆಸ್ ಇದೆ, ಆದರೆ ಅವು ಇಲ್ಲಿ ಕೆಲಸಕ್ಕೆ ಬಾರವು.

ಇನ್ನು ಫೋನ್. ಮಗ ಕೊಟ್ಟದ್ದು ಅದರ ನಿಜವಾದ ನಂಬರೇ. ಆದರೆ ಫೋನ್ ಹಾಸ್ಟೆಲಿನ ವೈ-ಫೈಗೆ ಬೇರೆ ನಂಬರ್ ಹೇಳುತ್ತಿದೆ! ಮಾಲ್, ಹೋಟೆಲ್, ಕಾಫಿ ಅಂಗಡಿ ಅಂತ ಹೋದ ಕಡೆಯೆಲ್ಲ ಒಂದೇ ನಂಬರ್ ತೋರಿಸಿದರೆ ಯಾರ ಓಡಾಟ ಎಲ್ಲೆಲ್ಲಿ ಅಂತ ಸುಲಭವಾಗಿ ಪತ್ತೆ ಹಚ್ಚಬಹುದು ಅಲ್ವಾ, ಅದಕ್ಕೇ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಈಚೆಗೆ ಫೋನ್‌ಗಳು ಒಂದೊಂದು ವೈ-ಫೈಗೂ ಒಂದೊಂದು ಹುಸಿ ನಂಬರ್ ಕಟ್ಟಿಕೊಂಡು ಹೋಗುತ್ತವೆ. ಒಳ್ಳೆಯ ಏರ್ಪಾಡೇ. ಹಾಸ್ಟೆಲಿನ ಪಟ್ಟಿಗೆ ಮಾತ್ರ ಒಗ್ಗುವುದಿಲ್ಲ.

ಹಾಸ್ಟೆಲಿನ ವೈ-ಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, ಪ್ರೈವೆಸಿ ಅಥವಾ ಮ್ಯಾಕ್ ಅಡ್ರೆಸ್ ಟೈಪ್ ಅನ್ನುವಲ್ಲಿ ಡಿವೈಸ್ ಮ್ಯಾಕ್ ಇಲ್ಲವೇ ಫೋನ್ ಮ್ಯಾಕ್ ಆರಿಸಲಿ. ಐಫೋನ್ ಆದರೆ ಪ್ರೈವೇಟ್ ವೈ-ಫೈ ಅಡ್ರೆಸ್ ಆಫ್ ಮಾಡಲಿ. ಆ ಒಂದು ವೈ-ಫೈಗೆ ಮಾತ್ರ, ಬೇರೆಯವು ಇದ್ದ ಹಾಗೇ ಇರಲಿ. ಹುಸಿಯನ್ನು ಗುರುತಿಸುವುದಕ್ಕೂ ಒಂದು ಉಪಾಯ ಇದೆ: ನಂಬರಿನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಂಪನಿ ಕೊಟ್ಟದ್ದಲ್ಲ, ಫೋನ್ ತಾನೇ ಕಟ್ಟಿಕೊಂಡದ್ದು ಅಂದುಕೊಳ್ಳಿ.

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ರೂಟರ್ ಹಾಕುವವರು ಪ್ರಿಂಟರ್, ಟಿವಿ ಎರಡರ ಮ್ಯಾಕ್ ನಂಬರ್ ಕೇಳುತ್ತಿದ್ದಾರೆ. ಇವಕ್ಕೂ ಇರುತ್ತದಾ? ಎಲ್ಲಿ ನೋಡಲಿ?

ಉತ್ತರ: ನೆಟ್‌ಗೆ ಸೇರುವುದಕ್ಕೆಲ್ಲ ಇರುತ್ತದೆ. ಪ್ರಿಂಟರಿನದು ಸುಲಭ. ಅದರ ಮೆನುವಿನಲ್ಲಿ ನೆಟ್‌ವರ್ಕ್ ಕಾನ್ಫಿಗರೇಶನ್ ಪುಟ ಪ್ರಿಂಟ್ ಮಾಡು ಅನ್ನಿ, ಹಾಳೆಯ ಮೇಲೆ ತಾನೇ ಬರೆದುಕೊಡುತ್ತದೆ.

ಟಿವಿಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಅಥವಾ ನೆಟ್‌ವರ್ಕ್ ಸ್ಟೇಟಸ್ ನೋಡಿ. ಇಲ್ಲಿ ನಾನೇ ಬೇಸ್ತು ಬಿದ್ದಿದ್ದೇನೆ. ನಮ್ಮ ಮನೆಗೆ ಹೊಸ ಟಿವಿ ಬಂದಾಗ, ಹಿಂಬದಿ ಚೀಟಿಯ ಇರುವೆ ಕಾಲಿನಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು, ಗೋಡೆಗೂ ಟಿವಿಗೂ ನಡುವೆ ತಲೆ ತೂರಿಸಿ, ಹೆಂಡತಿಗೆ ಒಂದೊಂದಾಗಿ ಹೇಳಿ ಬರೆಸಿದೆ. ಎರಡು ದಿನ ನೆಟ್ ಬರಲಿಲ್ಲ. ಆ ಚೀಟಿಯಲ್ಲಿದ್ದದ್ದು ಕೇಬಲ್ ಚುಚ್ಚುವ ಲ್ಯಾನ್‌ನ ನಂಬರ್, ನಾವು ಬಳಸುತ್ತಿದ್ದದ್ದು ವೈ-ಫೈ. ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ. ಆದ್ದರಿಂದ ಮೊದಲು ಟಿವಿಗೆ ವೈರ್ ಹಾಕುತ್ತೀರೋ ಇಲ್ಲವೋ ತೀರ್ಮಾನ ಮಾಡಿ, ಅದಕ್ಕೆ ತಕ್ಕ ನಂಬರ್ ಕೊಡಿ. ಪ್ರಿಂಟರಿಗೂ ಇದೇ ಮಾತು.

ಅಂದ ಹಾಗೆ, ನಂಬರಿನ ಮೊದಲ ಆರು ಅಕ್ಷರ ತಯಾರಿಸಿದ ಕಂಪನಿಯ ಗುರುತು. ಐಇಇಇ ಅನ್ನುವ ಸಂಸ್ಥೆ ಕಂಪನಿಗಳಿಗೆ ಹಂಚುತ್ತದೆ. ಎಷ್ಟೋ ಸಲ ಅದು ಚಿಪ್ ಕಂಪನಿಯದೋ ಬಿಡಿಭಾಗದವರದೋ ಆಗಿರುತ್ತದೆ, ಹಾಗಾಗಿ ರೂಟರಿನ ಪಟ್ಟಿಯಲ್ಲಿ ಟಿವಿ ಎದುರು ಬೇರೆ ಯಾವುದೋ ಹೆಸರು ಕಂಡರೆ ಯಾರೋ ಕಳ್ಳ ಸೇರಿಕೊಂಡ ಅಂತ ಗಾಬರಿ ಬೀಳಬೇಡಿ.

ಪ್ರಶ್ನೆ: ಮೈಸೂರಿನಿಂದ ಮಂಡ್ಯಕ್ಕೆ ಬರುವಾಗ ಬಸ್ಸಿನಲ್ಲಿ ಫೋನ್ ಹೋಯಿತು. ಮ್ಯಾಕ್ ಅಡ್ರೆಸ್ ಕೊಟ್ಟರೆ ಹುಡುಕಿಕೊಡುತ್ತಾರಾ?

ಉತ್ತರ: ಇಲ್ಲ. ಮ್ಯಾಕ್ ನಂಬರ್ ನಿಮ್ಮ ರೂಟರ್ ದಾಟಿ ಹೊರಗೆ ಹೋಗುವುದಿಲ್ಲ. ನಿಮಗೆ ಬೇಕಾದದ್ದು 15 ಅಂಕಿಯ ಐಎಂಇಐ, ಅಂದರೆ ಮೊಬೈಲ್ ಕಂಪನಿಗಳು ಫೋನನ್ನು ಗುರುತಿಸುವ ನಂಬರ್, ಫೋನಿನ ಡಬ್ಬದ ಮೇಲೆ ಇರುತ್ತದೆ, ಎಷ್ಟೋ ಬಿಲ್ಲುಗಳಲ್ಲೂ ಇರುತ್ತದೆ. ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸಿ. ಎರಡು ಸಿಮ್ಮಿನ ಫೋನ್ ಆಗಿದ್ದರೆ ಐಎಂಇಐ ಕೂಡ ಎರಡಿರುತ್ತದೆ, ಎರಡನ್ನೂ ಹಾಕಿ.