ಅರ್ಧಕ್ಕರ್ಧ ಸಿಎಂಎಸ್4 ಬಂದಿದ್ದರೆ

ನಿಮ್ಮ 24 ದೊಡ್ಡಕರುಳಿನ ಗಡ್ಡೆಗಳಲ್ಲಿ 13 ಸಿಎಂಎಸ್4 (ಜೀನ್‌ಗಳ ಚಟುವಟಿಕೆ ನೋಡಿ ದೊಡ್ಡಕರುಳಿನ ಕ್ಯಾನ್ಸರನ್ನು ಹಂಚುವ ನಾಲ್ಕು ಗುಂಪುಗಳಲ್ಲಿ ನಾಲ್ಕನೆಯದು) ಎಂದು ಬಂದಿವೆ, ನಂಬಬಹುದೇ ಎಂದು ಕೇಳಿದ್ದೀರಿ. ಈಗಲೇ ಬೇಡ. 2015ರ ವರ್ಗೀಕರಣದಲ್ಲಿ ಈ ಗುಂಪಿನ ಪಾಲು ಶೇ. 23 ಮಾತ್ರ. ಇದರ ಗುರುತಿನ ಜೀನ್‌ಗಳಲ್ಲಿ ಬಹುಪಾಲು ಚುರುಕಾಗಿರುವುದು ಕ್ಯಾನ್ಸರ್ ಕೋಶಗಳಲ್ಲಲ್ಲ, ಸುತ್ತಲಿನ ಫೈಬ್ರೊಬ್ಲಾಸ್ಟ್‌ಗಳಲ್ಲಿ, ಅಂದರೆ ಆಧಾರ ಅಂಗಾಂಶ ಕಟ್ಟುವ ಕೋಶಗಳಲ್ಲಿ. ಗಡ್ಡೆಯ ಅಂಚಿನಿಂದ ತೆಗೆದ ತುಂಡಿನಲ್ಲಿ ಸ್ಟ್ರೋಮಾ (ಈ ಆಧಾರ ಅಂಗಾಂಶ) ಹೆಚ್ಚಿದ್ದರೆ ಎರಡನೇ ಗುಂಪಾದ ಸಿಎಂಎಸ್2 ಕೂಡ ಸಿಎಂಎಸ್4ರಂತೆ ಕಾಣಬಹುದು. ಪೆಥಾಲಜಿಸ್ಟ್ ಬಳಿ ಪ್ರತಿ ಸ್ಲೈಡಿನಲ್ಲಿ ಗಡ್ಡೆಕೋಶ ಶೇಕಡಾ ಎಷ್ಟು ಎಂದು ಬರೆಸಿಕೊಂಡು, ಫೈಬ್ರೊಬ್ಲಾಸ್ಟ್‌ಗಳ ಗುರುತಾದ ಎಫ್‌ಎಪಿ ಮತ್ತು ಕೊಲಾಜನ್ ಜೀನ್‌ಗಳ ಮಟ್ಟದ ಪಕ್ಕದಲ್ಲಿಟ್ಟು ನೋಡಿ. ಇದನ್ನು ದಯವಿಟ್ಟು ಬಿಡಬೇಡಿ.

ಗುಂಪು ಗುರುತಿಸುವ ತಂತ್ರಾಂಶವಾದ ಸಿಎಂಎಸ್‌ಕಾಲರ್ ಪ್ರತಿ ಜೀನನ್ನೂ ನಿಮ್ಮದೇ ಮಾದರಿಗಳ ಸರಾಸರಿಗೆ ಹೋಲಿಸುತ್ತದೆ. ಎಲ್ಲವೂ ಎಂಎಸ್‌ಐ (ಡಿಎನ್‌ಎ ದುರಸ್ತಿ ಕೆಟ್ಟ) ಗಡ್ಡೆಗಳಾಗಿದ್ದರೆ ಹೋಲಿಕೆಯೇ ಕೆಡುತ್ತದೆ. ಆರ್‌ಎನ್‌ಎ ಓದಿನಿಂದ ಬಂದ ಕಚ್ಚಾ ಕೌಂಟ್ (ಪ್ರತಿ ಜೀನಿನ ಎಣಿಕೆ) ಕೊಟ್ಟಿದ್ದರೆ ತಂತ್ರಾಂಶದಲ್ಲಿ ಆರ್‌ಎನ್‌ಎ-ಸೀಕ್ ಆಯ್ಕೆ ಆನ್ ಇರಬೇಕು. ಎಫ್‌ಡಿಆರ್ (ತಪ್ಪು ಗುರುತಿನ ಅಂದಾಜು ಪ್ರಮಾಣ) 0.05 ಮೀರಿದ ಮಾದರಿಗಳನ್ನು ಯಾವ ಗುಂಪಿಗೂ ಸೇರಿಸಬೇಡಿ.