ಪೇಂಟ್ ಬಾಳದ ಜಾಗ ಹುಡುಕಿ, ಮೊಸಾಯಿಕ್ ತಾನಾಗಿಯೇ ಸಿಗುತ್ತದೆ

ನಿಮ್ಮ ಪ್ರಶ್ನೆ ಇದು: "ಊರು ಯಾವುದೇ ಇರಲಿ, ಬಡಾವಣೆಗಳಲ್ಲಿ ಸುಮ್ನೆ ನಡೆದಾಡುವುದು ನನಗೆ ಇಷ್ಟ. ಬೀದಿಯಲ್ಲಿರುವ ಮೊಸಾಯಿಕ್ ಕಲೆ, ಅಂದರೆ ಕಲ್ಲು, ಗಾಜು, ಟೈಲ್ಸ್ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳನ್ನು ನೋಡಬೇಕು ಅಂತ ಆಸೆ. ಆದರೆ ಕಣ್ಣಿಗೆ ಬೀಳುವುದೇ ಇಲ್ಲ. ಪಟ್ಟಿ ಹಿಡಿದುಕೊಂಡೇ ಹೋಗಬೇಕಾ?"

ಪಟ್ಟಿ ಬೇಡ ಅನ್ನುವುದಿಲ್ಲ. ಆದರೆ ಪಟ್ಟಿಯಲ್ಲಿ ಸಿಗುವುದು ಎಲ್ಲರೂ ಆಗಲೇ ನೋಡಿರುವ ನಾಲ್ಕಾರು ಜಾಗ. ಉಳಿದದ್ದನ್ನು ಕಾಣಲು ನಾನು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ನಡೆಯುತ್ತೇನೆ: ಈ ಬೀದಿಯಲ್ಲಿ ಪೇಂಟ್ ಹೊಡೆದರೆ ಎಲ್ಲಿ ಹೆಚ್ಚು ದಿನ ಬಾಳುವುದಿಲ್ಲ? ಉತ್ತರ ಸಿಕ್ಕ ಕಡೆಗೆ ಕಣ್ಣು ಹಾಯಿಸುತ್ತೇನೆ.

ಯೋಚಿಸಿ ನೋಡಿ. ಒಂದು ಗೋಡೆಗೆ ಚಿತ್ರ ಬರೆಯುವುದು ಕೆಲವೇ ದಿನಗಳ ಕೆಲಸ. ಅದೇ ಚಿತ್ರವನ್ನು ಕಲ್ಲು, ಟೈಲ್ಸ್ ಚೂರು ಕತ್ತರಿಸಿ, ಕೂರಿಸಿ, ಸಂದು ತುಂಬಿಸಿ ಮಾಡಲು ತಿಂಗಳುಗಳೇ ಬೇಕು. ಅಷ್ಟು ಕಷ್ಟ ಯಾರೂ ಸುಮ್ಮನೆ ಪಡುವುದಿಲ್ಲ. ಬಿಸಿಲಿಗೆ ಬಣ್ಣ ಮಾಸುತ್ತದೆ, ನೀರಿಗೆ ಏಳುತ್ತದೆ, ಕಾಲಿಗೆ ಸವೆಯುತ್ತದೆ ಅನ್ನುವ ಕಡೆ ಮೊಸಾಯಿಕ್ ಬರುತ್ತದೆ. ಮೆಟ್ಟಿಲು, ಫುಟ್‌ಪಾತ್, ಅಂಡರ್‌ಪಾಸ್ ಗೋಡೆ, ರೈಲು ನಿಲ್ದಾಣ, ಈಜುಕೊಳ, ಕಾರಂಜಿ, ಪಾರ್ಕಿನ ಬೆಂಚು, ಬಸ್ ಸ್ಟಾಪ್. ಎಲ್ಲವೂ ಜನ ಮುಟ್ಟುವ, ತುಳಿಯುವ, ಒರಗುವ ಜಾಗಗಳೇ.

ಮೆಕ್ಸಿಕೋ ನಗರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯ ಇದಕ್ಕೆ ದೊಡ್ಡ ಉದಾಹರಣೆ. ಕಟ್ಟಡದ ನಾಲ್ಕೂ ಬದಿಯ ಸುಮಾರು 4,000 ಚದರ ಮೀಟರ್ ಹೊರಗೋಡೆಯನ್ನು ಕಲಾವಿದ ಹ್ವಾನ್ ಓ'ಗೋರ್ಮನ್ 1950ರ ದಶಕದ ಆರಂಭದಲ್ಲಿ ಕಲ್ಲಿನ ಚೂರುಗಳಿಂದ ತುಂಬಿದರು. ದೇಶದ ಬೇರೆ ಬೇರೆ ಮೂಲೆಗಳಿಂದ ಬಣ್ಣ ಬಣ್ಣದ ಕಲ್ಲು ಹುಡುಕಿ ತಂದರು. ಅಲ್ಲಿ ಬಣ್ಣ ಬಳಿದದ್ದಲ್ಲ, ಕಲ್ಲಿನದ್ದೇ. ಹಾಗಾಗಿ ಅಷ್ಟು ಬಿಸಿಲು ಕಂಡರೂ ಅದು ಮಾಸಿಲ್ಲ.

ಮೊದಲು ಕೆಳಗೆ ನೋಡುವುದನ್ನು ರೂಢಿಸಿಕೊಳ್ಳಿ. ಬಾರ್ಸಿಲೋನಾದ ಲಾ ರಾಂಬ್ಲಾ ಬೀದಿಯ ನಡುವೆ ಕಲಾವಿದ ಜುವಾನ್ ಮಿರೋ 1976ರಲ್ಲಿ ಮಾಡಿದ ದೊಡ್ಡ ವೃತ್ತಾಕಾರದ ಮೊಸಾಯಿಕ್ ಇದೆ. ಒಂದು ಟೈಲ್ಸ್ ಮೇಲೆ ಅವರ ಸಹಿಯೂ ಇದೆ. ಆ ಬೀದಿಯಲ್ಲಿ ಯಾವಾಗಲೂ ಜನಜಂಗುಳಿ, ಅದರ ಮೇಲೆಯೇ ಕಾಲಿಟ್ಟು ಮುಂದೆ ಹೋಗುವವರೇ ಜಾಸ್ತಿ. ನನಗೆ ಇದು ಬೇಸರದ ವಿಷಯ ಅನ್ನಿಸುವುದಿಲ್ಲ. ತುಳಿಯಲಿ ಅಂತಲೇ ಅದನ್ನು ನೆಲದಲ್ಲಿ ಹಾಕಿದ್ದು. ಲಿಸ್ಬನ್ನಿನ ಫುಟ್‌ಪಾತ್‌ಗಳೂ ಹಾಗೆಯೇ. ಬಿಳಿ, ಕಪ್ಪು ಕಲ್ಲಿನ ಸಣ್ಣ ತುಂಡುಗಳನ್ನು ಕೈಯಲ್ಲೇ ಕೂರಿಸಿದ ವಿನ್ಯಾಸಗಳು. ರೊಸ್ಸಿಯೂ ಚೌಕದಲ್ಲಿ 19ನೇ ಶತಮಾನದ ನಡುವಿನಲ್ಲಿ ಹಾಕಿದ ಅಲೆಯ ವಿನ್ಯಾಸ ನೋಡಿದರೆ ಸಮತಟ್ಟು ನೆಲವೇ ಏರಿಳಿದಂತೆ ಕಾಣುತ್ತದೆ.

ಮೇಲೆ ನೋಡುವುದನ್ನೂ ಬಿಡಬೇಡಿ. ಮಾಸ್ಕೋದ ಮಾಯಕೋವ್‌ಸ್ಕಯಾ ಮೆಟ್ರೋ ನಿಲ್ದಾಣ 1938ರಲ್ಲಿ ತೆರೆಯಿತು. ಅದರ ಚಾವಣಿಯ ಗುಮ್ಮಟಗಳ ಒಳಗೆ ಅಲೆಕ್ಸಾಂಡರ್ ಡೈನೆಕಾ ಅವರ 34 ಮೊಸಾಯಿಕ್‌ಗಳಿವೆ. ಎಲ್ಲವೂ ಆಕಾಶದ ದೃಶ್ಯಗಳು. ವಿಮಾನ, ಪ್ಯಾರಾಚೂಟ್, ಹಕ್ಕಿ, ಹಣ್ಣಿನ ಕೊಂಬೆ. ಸರಿಯಾಗಿ ಗುಮ್ಮಟದ ಕೆಳಗೇ ನಿಂತು ಕತ್ತು ಎತ್ತಬೇಕು. ರೈಲಿಗೆ ಓಡುವವರಿಗೆ ಅದು ಕಾಣುವುದೇ ಇಲ್ಲ.

ನಿಲ್ದಾಣಗಳ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಂದು ಬಡಾವಣೆ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಅನ್ನುವುದು ನಿಲ್ದಾಣದ ಗೋಡೆಯಲ್ಲಿ ಹೆಚ್ಚಾಗಿ ಸಿಗುತ್ತದೆ. ನ್ಯೂಯಾರ್ಕ್ ಸಬ್‌ವೇ 1904ರಲ್ಲಿ ಶುರುವಾದಾಗಿನಿಂದಲೇ ಹಲವು ನಿಲ್ದಾಣಗಳ ಹೆಸರನ್ನು ಮೊಸಾಯಿಕ್‌ನಲ್ಲಿ ಬರೆದಿದ್ದಾರೆ. ಆಸ್ಟರ್ ಪ್ಲೇಸ್ ನಿಲ್ದಾಣದ ಗೋಡೆಯಲ್ಲಿ ಮರ ಕಡಿಯುವ ಬೀವರ್ ಪ್ರಾಣಿಯ ಉಬ್ಬುಚಿತ್ರ ಇದೆ. ಆ ಜಾಗಕ್ಕೆ ಹೆಸರು ಬಂದದ್ದು ಜಾನ್ ಜೇಕಬ್ ಆಸ್ಟರ್ ಅವರಿಂದ. ಅವರು ಮೊದಲು ಹಣ ಮಾಡಿದ್ದು ತುಪ್ಪಳದ ವ್ಯಾಪಾರದಲ್ಲಿ. ಬೀವರ್ ತುಪ್ಪಳ. ಆ ಚಿತ್ರಫಲಕದ ಹಿಂದೆ ಎಷ್ಟು ದೊಡ್ಡ ಕಥೆ ಇದೆ ನೋಡಿ! ಇಂಥದ್ದು ಕಂಡಾಗ "ಇಲ್ಲಿ ಇದೇ ಯಾಕೆ?" ಅಂತ ಕೇಳಿಕೊಳ್ಳಿ. ಮೀನು, ಹಡಗು, ಗಿರಣಿಯ ಚಕ್ರ, ಯಾವುದೋ ಹೂವು, ಏನೇ ಇರಲಿ. ಅಲ್ಲಿಂದ ಬಡಾವಣೆಯ ಹಳೆಯ ಬದುಕಿಗೆ ದಾರಿ ತೆರೆಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಮೆಟ್ಟಿಲುಗಳು. ಯಾಕೆಂದರೆ ಅಲ್ಲಿ ಬಹಳ ಸಲ ಕಲಾವಿದರ ಜೊತೆ ಅಕ್ಕಪಕ್ಕದ ಮನೆಯವರ ಕೈಯೂ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ 16ನೇ ಅವೆನ್ಯೂದಲ್ಲಿ 163 ಮೆಟ್ಟಿಲುಗಳಿವೆ. ಐಲೀನ್ ಬಾರ್ ಮತ್ತು ಕೊಲೆಟ್ ಕ್ರಚರ್ ಎಂಬ ಇಬ್ಬರು ಕಲಾವಿದೆಯರು ಸುತ್ತಲಿನ ನಿವಾಸಿಗಳನ್ನು ಸೇರಿಸಿಕೊಂಡು 2005ರಲ್ಲಿ ಅವುಗಳ ಮೊಸಾಯಿಕ್ ಮುಗಿಸಿದರು. ಕೆಳಗಿನ ಮೆಟ್ಟಿಲಲ್ಲಿ ಸಮುದ್ರ, ಮೇಲೇರಿದಂತೆ ನೆಲ, ಆಮೇಲೆ ಆಕಾಶ, ತುದಿಯಲ್ಲಿ ಸೂರ್ಯ. ಮೆಟ್ಟಿಲಿನ ಎದುರುಮುಖಕ್ಕೆ ಮಾತ್ರ ಚಿತ್ರ ಇರುವುದರಿಂದ ಕೆಳಗೆ ನಿಂತರೆ ಇಡೀ ಚಿತ್ರ ಕಾಣುತ್ತದೆ, ಮೇಲಿನಿಂದ ನೋಡಿದರೆ ಬರೀ ಸಿಮೆಂಟ್ ಮೆಟ್ಟಿಲು. ಈ ಒಂದು ವಿಷಯ ನೆನಪಿಡಿ. ಇಳಿಯುವಾಗ ಏನೂ ಕಾಣದ ಮೆಟ್ಟಿಲನ್ನು ಒಮ್ಮೆ ಕೆಳಗೆ ಹೋಗಿ ತಿರುಗಿ ನೋಡಿ. ರಿಯೋ ಡಿ ಜನೈರೋದಲ್ಲಿ ಕಲಾವಿದ ಹೋರ್ಹೆ ಸೆಲರಾನ್ 1990ರಲ್ಲಿ ತಮ್ಮ ಮನೆ ಮುಂದಿನ ಹಾಳುಬಿದ್ದ ಮೆಟ್ಟಿಲಿಗೆ ಟೈಲ್ಸ್ ಚೂರು ಅಂಟಿಸಲು ಶುರುಮಾಡಿದರು. 2013ರಲ್ಲಿ ತೀರಿಕೊಳ್ಳುವವರೆಗೂ ಬದಲಿಸುತ್ತ, ಸೇರಿಸುತ್ತ ಇದ್ದರು. ಅಲ್ಲಿಗೆ ಬಂದವರು ತಮ್ಮ ತಮ್ಮ ದೇಶದ ಟೈಲ್ಸ್ ತಂದು ಕೊಡುತ್ತಿದ್ದರು.

ಪ್ರವಾಸಿಗರು ಹೋಗದ ವಸತಿ ಪ್ರದೇಶಗಳನ್ನು ಬಿಡಲೇಬೇಡಿ. ಉಜ್ಬೇಕಿಸ್ತಾನದ ತಾಷ್ಕೆಂಟ್ 1966ರ ಭೂಕಂಪದಲ್ಲಿ ಕುಸಿದು ಹೋಯಿತು. ಆಮೇಲೆ ಸಾಲುಸಾಲಾಗಿ ಕಾಂಕ್ರೀಟ್ ಅಪಾರ್ಟ್‌ಮೆಂಟ್‌ಗಳು ಎದ್ದವು. ಒಂದೇ ಅಚ್ಚಿನ ಮನೆಗಳು. ಅವುಗಳ ಕಿಟಕಿಯಿಲ್ಲದ ಪಕ್ಕದ ಗೋಡೆಗಳಿಗೆ ಕಲಾವಿದರಾದ ಝಾರ್‌ಸ್ಕಿ ಸಹೋದರರು ದೊಡ್ಡ ದೊಡ್ಡ ಮೊಸಾಯಿಕ್ ಮಾಡಿದರು. ಬಟ್ಟೆ ಒಣಹಾಕಿದ ಬಾಲ್ಕನಿಗಳ ಪಕ್ಕದಲ್ಲೇ ಅವು ನಿಂತಿವೆ. ಹಳೆಯ ಸೋವಿಯತ್ ನಾಡುಗಳಲ್ಲೆಲ್ಲ ಹೀಗೆಯೇ, ಕಾರ್ಖಾನೆ ಗೋಡೆ, ಬಸ್ ಸ್ಟಾಪ್‌ಗಳಲ್ಲೂ ಸಿಗುತ್ತವೆ. ಆದ್ದರಿಂದ ಮುಖ್ಯ ರಸ್ತೆ ಬಿಟ್ಟು ಕಟ್ಟಡದ ಪಕ್ಕಕ್ಕೆ, ಹಿಂಭಾಗಕ್ಕೆ ಹೋಗಿ.

ಯಾರನ್ನೂ ಕೇಳದೆ ಅಂಟಿಸಿ ಹೋಗುವವರೂ ಇದ್ದಾರೆ. ಇನ್‌ವೇಡರ್ ಹೆಸರಿನ ಫ್ರೆಂಚ್ ಕಲಾವಿದ 1990ರ ದಶಕದ ಕೊನೆಯಿಂದ ಪ್ಯಾರಿಸ್ಸಿನಲ್ಲಿ, ಆಮೇಲೆ ಜಗತ್ತಿನ ಎಷ್ಟೋ ನಗರಗಳಲ್ಲಿ ಹಳೆಯ ವಿಡಿಯೋ ಗೇಮ್ ಜೀವಿಗಳನ್ನು ಸಣ್ಣ ಚೌಕ ಟೈಲ್ಸ್‌ನಲ್ಲಿ ಮಾಡಿ ಅಂಟಿಸುತ್ತಿದ್ದಾರೆ. ಕೈಗೆ ಸಿಕ್ಕರೆ ಕಿತ್ತುಕೊಂಡು ಹೋಗುವವರಿದ್ದಾರೆ, ಹಾಗಾಗಿ ಎಷ್ಟೋ ಕಡೆ ಕೈಗೆಟುಕದ ಎತ್ತರದಲ್ಲಿ ಇರುತ್ತವೆ. ಬೀದಿ ಹೆಸರಿನ ಫಲಕ ಓದುವಾಗ ಅದರ ಮೇಲಕ್ಕೂ ಒಮ್ಮೆ ನೋಡಿ. ಶಿಕಾಗೋದಲ್ಲಿ ಜಿಮ್ ಬೇಕರ್ 2013ರಿಂದ ರಸ್ತೆಗುಂಡಿಗಳನ್ನೇ ಸಿಮೆಂಟಿನಿಂದ ಮುಚ್ಚಿ ಅದರಲ್ಲಿ ಹೂವು, ಐಸ್‌ಕ್ರೀಮ್ ಚಿತ್ರಗಳ ಮೊಸಾಯಿಕ್ ಕೂರಿಸುತ್ತ ಬಂದಿದ್ದಾರೆ. ಗುಂಡಿಯೂ ಮುಚ್ಚಿತು, ಚಿತ್ರವೂ ಉಳಿಯಿತು.

ಸಿಕ್ಕ ಮೇಲೆ ಹೇಗೆ ನೋಡಬೇಕು? ಮೊದಲು ದೂರದಿಂದ, ಆಮೇಲೆ ಮೂಗು ತಾಗುವಷ್ಟು ಹತ್ತಿರದಿಂದ. ಹತ್ತಿರ ಹೋದಾಗ ಚಿತ್ರ ಮರೆತು ಚೂರುಗಳ ಸಾಲನ್ನು ಹಿಂಬಾಲಿಸಿ. ಒಳ್ಳೆಯ ಕೆಲಸದಲ್ಲಿ ಖಾಲಿ ಹಿನ್ನೆಲೆಯ ಚೂರುಗಳೂ ಸುಮ್ಮನೆ ಕೂತಿರುವುದಿಲ್ಲ. ಮುಖದ ಅಂಚನ್ನು, ರೆಕ್ಕೆಯ ತಿರುವನ್ನು ಅನುಸರಿಸಿ ಸಾಲಾಗಿ ಹರಿಯುತ್ತವೆ. ಚಿತ್ರಕ್ಕೆ ಜೀವ ಬರುವುದು ಅಲ್ಲೇ. ಗಟ್ಟಿಯಾಗಿದ್ದರೆ ಮೆಲ್ಲಗೆ ಬೆರಳಾಡಿಸಿ. ಮೇಲ್ಮೈ ಏರುಪೇರಾಗಿದ್ದರೆ ಚೂರುಗಳನ್ನು ಒಂದೊಂದಾಗಿ ನೇರ ಗಾರೆಗೇ ಒತ್ತಿರಬಹುದು. ಪೂರ್ತಿ ಸಮತಟ್ಟಾಗಿದ್ದರೆ ಬೇರೆ ವಿಧಾನ ಇರಬಹುದು: ಚೂರುಗಳನ್ನು ಕಾಗದದ ಮೇಲೆ ಮುಖ ಕೆಳಗಾಗಿ ಅಂಟಿಸಿ, ಆ ಹಾಳೆಗಳನ್ನು ತಂದು ಗಾರೆಗೆ ಒತ್ತಿ, ಕಾಗದ ನೆನೆಸಿ ಸುಲಿದು ತೆಗೆಯುತ್ತಾರೆ. ಗಮನಿಸಿದರೆ ಹಾಳೆಗಳು ಕೂಡಿದ ಗೆರೆ ಕೆಲವೊಮ್ಮೆ ಕಾಣುತ್ತದೆ.

ಹೊತ್ತು ಕೂಡ ಮುಖ್ಯ. ನಡುಮಧ್ಯಾಹ್ನಕ್ಕಿಂತ ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು ವಾಸಿ. ಗಾಜಿನ ಚೂರುಗಳನ್ನು ಸ್ವಲ್ಪ ಓರೆಯಾಗಿ ಕೂರಿಸಿ ಬೆಳಕು ಬೇರೆ ಬೇರೆ ಕಡೆ ಚಿಮ್ಮುವಂತೆ ಮಾಡುವುದು ಸಾವಿರ ವರ್ಷಕ್ಕೂ ಹಿಂದಿನ ಬೈಜಾಂಟಿಯನ್ ಕಾಲದಿಂದಲೂ ಇರುವ ಕುಶಲತೆ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಬೇರೆ ಚೂರುಗಳು ಹೊಳೆಯುತ್ತವೆ. ಕಲ್ಲಿನ ಮೊಸಾಯಿಕ್ ಆದರೆ ಮಳೆ ನಿಂತ ಮೇಲೆ ಹೋಗಿ. ನೆನೆದ ಕಲ್ಲಿನ ಬಣ್ಣ ಗಾಢವಾಗಿ ಎದ್ದು ಕಾಣುತ್ತದೆ.

ಪೇಂಟಿಗಿಂತ ಬಾಳುತ್ತದೆ ಅಂದೆ, ನಿಜ. ಆದರೆ ಇದಕ್ಕೂ ಆಯಸ್ಸಿದೆ. ಶಿಕಾಗೋದಲ್ಲೇ ಕಲಾವಿದ ಮಾರ್ಕ್ ಶಾಗಾಲ್ ಅವರ 'ನಾಲ್ಕು ಋತುಗಳು' ಮೊಸಾಯಿಕ್ ಕೃತಿ 1974ರಲ್ಲಿ ಬಯಲಿನಲ್ಲಿ ನಿಂತಿತು. ಹವಾಮಾನದ ಹೊಡೆತಕ್ಕೆ ಅದು ಹಾಳಾಗುತ್ತ ಬಂದು, 1990ರ ದಶಕದಲ್ಲಿ ದುರಸ್ತಿ ಮಾಡಿ ಮೇಲೊಂದು ಚಾವಣಿ ಹಾಕಬೇಕಾಯಿತು. ಸಂದಿನಲ್ಲಿ ನೀರು ಇಳಿದರೆ, ಆ ನೀರು ಹೆಪ್ಪುಗಟ್ಟಿ ಹಿಗ್ಗಿದರೆ, ಚೂರು ಸಡಿಲವಾಗುತ್ತದೆ. ಕಟ್ಟಡ ಮಾರಾಟವಾಗುವುದು ಅದಕ್ಕಿಂತ ದೊಡ್ಡ ಅಪಾಯ. ಫಿಲಡೆಲ್ಫಿಯಾದಲ್ಲಿ ಕಲಾವಿದ ಐಸಾಯ ಝಾಗರ್ ಖಾಲಿ ನಿವೇಶನವೊಂದನ್ನು 1994ರಿಂದ ಕನ್ನಡಿ, ಬಾಟಲಿ, ಟೈಲ್ಸ್ ಚೂರುಗಳಿಂದ ತುಂಬುತ್ತ ಬಂದಿದ್ದರು. 2002ರಲ್ಲಿ ಆ ಜಾಗದ ಮಾಲೀಕರು ಮಾರಲು ಹೊರಟರು. ಊರಿನ ಜನರ ಬೆಂಬಲದಿಂದ ಅದು ಉಳಿಯಿತು, ಇವತ್ತು ಟಿಕೆಟ್ ತೆಗೆದುಕೊಂಡು ನೋಡಬಹುದು. ಸುತ್ತಲಿನ ಓಣಿಗಳ ಗೋಡೆಗಳಲ್ಲೂ ಅವರ ಕೆಲಸ ಇದೆ, ಅದಕ್ಕೆ ಟಿಕೆಟ್ ಬೇಡ.

ಹಾಗಾಗಿ ನನ್ನದೊಂದು ಕೋರಿಕೆ. ಕೆಳಗೆ ಬಿದ್ದ ಚೂರನ್ನು ನೆನಪಿಗೆ ಅಂತ ಜೇಬಿಗೆ ಹಾಕಬೇಡಿ. ದುರಸ್ತಿ ಮಾಡುವವರಿಗೆ ಅದೇ ಬಣ್ಣದ, ಅದೇ ಕಾಲದ ಚೂರು ಸಿಗುವುದು ಬಹಳ ಕಷ್ಟ. ಕಟ್ಟಡದವರ ಕೈಗೆ ಕೊಟ್ಟು ಎಲ್ಲಿಂದ ಬಿತ್ತು ಅಂತ ತೋರಿಸಿ. ಮೂಲೆಗಳಲ್ಲಿ ಸಹಿ, ಇಸವಿ ಇದೆಯಾ ನೋಡಿ. ಇಲ್ಲದಿದ್ದರೆ ಆ ಬೀದಿಯ ಹಿರಿಯರನ್ನು ಕೇಳಿ, ಎಷ್ಟೋ ಸಲ ಮಾಡಿದವರ ಹೆಸರು ಅವರಿಗೆ ಗೊತ್ತಿರುತ್ತದೆ. ಫೋಟೋ ತೆಗೆಯುವಾಗ ಇಡೀ ಕೃತಿಯದ್ದು ಒಂದು, ಹತ್ತಿರದ್ದು ಒಂದು, ಮತ್ತೆ ಹಿಂದೆ ಸರಿದು ಅಕ್ಕಪಕ್ಕದ ಬಾಗಿಲು, ಅಂಗಡಿ, ಮರ ಎಲ್ಲ ಬರುವಂತೆ ಇನ್ನೊಂದು ತೆಗೆಯಿರಿ. ಹೆಚ್ಚಿನವರು ಆ ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಗೋಡೆ ಹೋದ ಮೇಲೆ ಮೊಸಾಯಿಕ್ ಎಲ್ಲಿತ್ತು ಅಂತ ಗುರುತು ಹಿಡಿಯಲು ಬೇಕಾಗುವುದು ಅದೇ ಫೋಟೋ.