ಬೆಕ್ಕಿನ ಮರಿ ಏನನ್ನೂ ಹಿಡಿದುಕೊಳ್ಳುವುದಿಲ್ಲ

(ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಶಿರಸಿ ಕಡೆಯ ಅಡಿಕೆ ತೋಟದ ಮನೆ. ನನ್ನ ಬಳಿ ಆಪ್ತಸಲಹೆಗೆ ಬಂದ ಆ ಮನೆಯ ಹೆಂಗಸಿಗೆ 47 ವರ್ಷ. ಎರಡು ವರ್ಷದ ಹಿಂದೆ ಗಂಡನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತು, ಮಾತೂ ನಿಂತಿತು. ಬೆನ್ನಲ್ಲಿ ಹುಣ್ಣಾಗದಂತೆ ರಾತ್ರಿ ಎರಡೆರಡು ತಾಸಿಗೆ ಎದ್ದು ಮಗ್ಗುಲು ಬದಲಿಸಬೇಕು. ಬೆಳಗಾದರೆ ಕೊಟ್ಟಿಗೆ, ತೋಟ. ಹೋದ ಮಳೆಗಾಲದಲ್ಲಿ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಹೊತ್ತಿಗೆ ಸಿಗದೆ ಎರಡನೇ ಸಲದ ಬೋರ್ಡೋ ಮದ್ದು ತಪ್ಪಿ, ಕೊಳೆರೋಗಕ್ಕೆ ಎಳೆಕಾಯಿ ಮರದ ಬುಡದಲ್ಲಿ ಸುರಿದುಬಿತ್ತು.

ಇದ್ಯಾವುದನ್ನೂ ಅವರು ಕಷ್ಟ ಅಂತ ಹೇಳಿಕೊಳ್ಳಲಿಲ್ಲ. “ಮೇಡಂ, ದೀಪ ಹಚ್ಚುವಾಗ ದೇವರ ಮೇಲೆ ಸಿಟ್ಟು ಬರ್ತದೆ. ನನ್ನ ಭಕ್ತಿಯೇ ಕಮ್ಮಿ ಆಗಿರ್ಬೇಕು, ಅದಕ್ಕೇ ಇವರು ಏಳ್ತಾ ಇಲ್ಲ” ಅಂದರು. ಮಾರಿಕಾಂಬೆಗೆ ಉಡಿ ತುಂಬುವ ಹರಕೆ ಹೊತ್ತಿದ್ದರು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಗಂಡನನ್ನು ಬಿಟ್ಟು ಹೋಗಲಾಗಲಿಲ್ಲ. ಹೇಳುತ್ತಾ ಸೆರಗಿನ ಅಂಚನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು. ಅಡಿಕೆ ಸುಲಿದ ಬೆರಳ ತುದಿಗಳು ಕಪ್ಪಾಗಿ ಸೀಳಿದ್ದವು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. “ಮಾಡ್ಕೊಳ್ಳೂದಿಲ್ಲ. ಬೆಳಗಾಗದಿದ್ರೆ ಸಾಕು ಅನ್ನಿಸ್ತದೆ, ಅಷ್ಟೇ” ಅಂದರು. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ತಿಂಗಳುಗಟ್ಟಲೆ ಹೀಗೆ. ಇದು ಖಿನ್ನತೆ, ಭಕ್ತಿಯ ಕೊರತೆಯಲ್ಲ. ಇದನ್ನು ಬಿಡಿಸಿ ಹೇಳಲು ಮೊದಲ ಭೇಟಿಯ ಬಹುಪಾಲು ಹೋಯಿತು.

ನಾನು ಧರ್ಮೋಪದೇಶ ಮಾಡುವವಳಲ್ಲ. ಆದರೆ ದೇವರನ್ನು ಬದಿಗಿಟ್ಟರೆ ಇವರ ಅರ್ಧ ಬದುಕನ್ನೇ ಬದಿಗಿಟ್ಟ ಹಾಗೆ. ಹಾಗಾಗಿ ದೇವರ ಕೃಪೆ ಹೇಗೆ ಸಿಗುತ್ತದೆ ಎಂಬ ಬಗ್ಗೆ ಶ್ರೀವೈಷ್ಣವರ ಎರಡು ಪಂಗಡಗಳ ನಡುವಿನ ಒಂದು ಹಳೆಯ ಚರ್ಚೆಯನ್ನು ಹೇಳಿದೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ತಬ್ಬಿಕೊಂಡಿರಬೇಕು ಎಂಬುದು ವಡಗಲೆಯವರ ದಾರಿ. ಬೆಕ್ಕಿನ ಮರಿ ಏನನ್ನೂ ಹಿಡಿದುಕೊಳ್ಳುವುದಿಲ್ಲ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ ಎಂಬುದು ತೆಂಗಲೆಯವರದು. “ಅಕ್ಕಾ, ನಿಮ್ಮ ಕೈ ಸೋತಿದೆ. ಸೋತ ಕೈಯವರಿಗೂ ಕೃಪೆ ಇದೆ ಅಂತ ನಮ್ಮ ಹಿರಿಯರೇ ಹೇಳಿದ್ದಾರಲ್ಲ?”

ಅವರು ಮೊದಲ ಸಲ ಮುಖ ಎತ್ತಿದರು. “ನಮ್ಮನೆ ಅಟ್ಟದಲ್ಲೂ ಮರಿ ಹಾಕಿದೆ. ಕಚ್ಚಿ ಎತ್ತಿದ ಕೂಡ್ಲೇ ಮರಿ ಕಾಲು ಮುದುಡಿ ಸುಮ್ಮನಾಗ್ತದೆ.” ಆ ಮಾತನ್ನೇ ನಾನು ಹಿಡಿದುಕೊಂಡೆ. ಓರಗಿತ್ತಿ ಎರಡು ಸಲ “ರಾತ್ರಿ ನಾನಿರ್ತೆ” ಅಂದಾಗ ಇವರು ಬೇಡ ಅಂದಿದ್ದರು. ನನ್ನ ಕರ್ಮ, ನಾನೇ ಮಾಡಬೇಕು ಅಂತ. ಎತ್ತಲು ಬಂದ ಬಾಯನ್ನೇ ಪರಚಿದ ಹಾಗಲ್ಲವೇ ಅದು?

ನನ್ನ ಸಲಹೆ ಇಷ್ಟೇ ಇತ್ತು. ವಾರಕ್ಕೆ ಎರಡು ರಾತ್ರಿ ಓರಗಿತ್ತಿಗೆ ಬಿಟ್ಟು ಬೇರೆ ಕೋಣೆಯಲ್ಲಿ ಮಲಗುವುದು. ಪೂಜೆ ಒಂದು ದೀಪಕ್ಕೆ ಸಾಕು. ಸಿಟ್ಟು ಬಂದರೆ ಅದನ್ನೂ ದೇವರಿಗೇ ಹೇಳುವುದು. ಹರಕೆಯ ವಿಚಾರ ಮನೆಯ ಪುರೋಹಿತರನ್ನು ಕೇಳುವುದು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗೆ ಹೋಗಿ ಮನೋವೈದ್ಯರಿಗೆ ತೋರಿಸುವುದು. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ದುಡ್ಡಿಲ್ಲ, ದಿನದ 24 ತಾಸೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮಂಗಳವಾರ ಅಮ್ಮನ ವಾರವೂ ಹೌದು. ಮಾತ್ರೆ ಶುರುವಾದ ಮೇಲೆ ಅವರು ಮೊದಲು ಕ್ಲಿನಿಕ್, ಆಮೇಲೆ ದೇವಸ್ಥಾನ ಅಂತ ರೂಢಿ ಮಾಡಿಕೊಂಡರು. ಪುರೋಹಿತರು ಹರಕೆಗೆ ಅವಸರವಿಲ್ಲ ಅಂದರಂತೆ.

ಐದನೇ ಭೇಟಿಗೆ ಬಂದಾಗಲೂ ಗಂಡನ ಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಸಿಟ್ಟೂ ಪೂರ್ತಿ ಹೋಗಿರಲಿಲ್ಲ. ಸಂಜೆ ದೀಪದ ಹೊತ್ತಿಗೆ ಗಂಡನನ್ನು ದಿಂಬಿಗೆ ಒರಗಿಸಿ ಕೂರಿಸುತ್ತಾರಂತೆ. ಅವರು ಎಡಗೈಯಲ್ಲಿ ಬತ್ತಿ ಹಿಡಿದು ಮುಂದೆ ಚಾಚುತ್ತಾರೆ, ಇವರು ಎಣ್ಣೆ ಹಾಕುತ್ತಾರೆ.